ಹಳೇ ಟೈರೋ ಹೊಸ ಟೈರೋ: ಮಿಲಿಮೀಟರಿನ ಲೆಕ್ಕ, ವರ್ಷದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಕಾರಿನ ಟೈರ್ ಸವೆದು ಹೋಗಿದೆ. ಅಂಗಡಿಯಲ್ಲಿ ಒಂದು ಕಡೆ ಲೇಬಲ್ ಇನ್ನೂ ಕಿತ್ತಿರದ ಹೊಸ ಟೈರುಗಳಿವೆ. ಇನ್ನೊಂದು ಕಡೆ ಅರ್ಧಕ್ಕಿಂತ ಕಡಿಮೆ ಬೆಲೆಯ ಸೆಕೆಂಡ್ ಹ್ಯಾಂಡ್ ಟೈರುಗಳು ಪಾಲಿಶ್ ಹಚ್ಚಿಸಿಕೊಂಡು ಕಪ್ಪಗೆ ಮಿನುಗುತ್ತಿವೆ. "ಜೀವದ ಪ್ರಶ್ನೆ, ಯಾವಾಗಲೂ ಹೊಸದನ್ನೇ ಕೊಳ್ಳಿ" ಎಂದು ಹೇಳಿ ಈ ಮಾತನ್ನು ಎರಡು ನಿಮಿಷದಲ್ಲಿ ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಕೆಲವು ಕಡೆ ಹಳೇ ಟೈರೇ ಸರಿಯಾದ ಆಯ್ಕೆ. ಅಂಥ ಸಂದರ್ಭಗಳು ನಾವು ಅಂದುಕೊಂಡಷ್ಟು ಹೆಚ್ಚಿಲ್ಲ, ಅಷ್ಟೆ. ಉಳಿತಾಯವೂ ಬಿಲ್ಲಿನಲ್ಲಿ ಕಾಣುವಷ್ಟು ಇರುವುದಿಲ್ಲ. ಮೊದಲು ಲೆಕ್ಕ ನೋಡೋಣ, ಆಮೇಲೆ ಟೈರನ್ನು ಕೈಗೆತ್ತಿಕೊಂಡು ನೋಡೋಣ.

ದುಡ್ಡು ಕೊಡುವುದು ಯಾವುದಕ್ಕೆ?

ಬಟನ್, ಗ್ರಿಪ್ ಎಂದು ಮಾತಿನಲ್ಲಿ ಹೇಳುವ ಟ್ರೆಡ್‌ನ ಆಳ ಹೊಸ ಕಾರು ಟೈರಿನಲ್ಲಿ ಸುಮಾರು 8 ಮಿಲಿಮೀಟರ್ ಇರುತ್ತದೆ. ಮಾದರಿಗೆ ತಕ್ಕಂತೆ 7ರಿಂದ 9ರವರೆಗೂ ಇರಬಹುದು. ಬಹಳಷ್ಟು ದೇಶಗಳ ಕಾನೂನಿನಲ್ಲಿ ಕೊನೆಯ ಮಿತಿ 1.6 ಮಿ.ಮೀ. ಟೈರಿನ ಮುಖ್ಯ ತೋಡುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಚಿಕ್ಕ ದಿಬ್ಬಗಳಿರುತ್ತವೆ. ಅವುಗಳ ಎತ್ತರವೂ ಅಷ್ಟೇ, 1.6 ಮಿ.ಮೀ. ಟ್ರೆಡ್ ಸವೆದು ಆ ದಿಬ್ಬಕ್ಕೆ ಸಮವಾಯಿತು ಎಂದರೆ ಟೈರಿನ ಕಥೆ ಮುಗಿಯಿತು. ದಿಬ್ಬ ಎಲ್ಲಿದೆ ಎಂದು ಹುಡುಕಲು ಟೈರಿನ ಭುಜದಲ್ಲಿ, ಅಂದರೆ ಟ್ರೆಡ್ ಪಕ್ಕದ ಗೋಡೆಗೆ ಸೇರುವ ಅಂಚಿನಲ್ಲಿ, ಟಿಡಬ್ಲ್ಯುಐ ಎಂಬ ಅಕ್ಷರವೋ ಚಿಕ್ಕ ತ್ರಿಕೋನವೋ ಗುರುತಿಗಿರುತ್ತದೆ. ಅದರ ನೇರಕ್ಕೆ ತೋಡಿನೊಳಗೆ ನೋಡಿದರೆ ಸಿಗುತ್ತದೆ.

1.6 ಕಾನೂನಿನ ಗೆರೆ. ಒದ್ದೆ ರಸ್ತೆಯಲ್ಲಿ ಹಿಡಿತ ಅದಕ್ಕಿಂತ ಮೊದಲೇ ಬೀಳುತ್ತದೆ. ಏಕೆ ಎಂದು ಹೀಗೆ ನೋಡಿ. 195 ಮಿ.ಮೀ. ಅಗಲದ ಟೈರ್ ಗಂಟೆಗೆ 80 ಕಿ.ಮೀ. ವೇಗದಲ್ಲಿ, 3 ಮಿ.ಮೀ. ನೀರು ನಿಂತ ರಸ್ತೆಯ ಮೇಲೆ ಹೋಗುತ್ತಿದೆ. ಸೆಕೆಂಡಿಗೆ 22 ಮೀಟರ್ ಮುಂದಕ್ಕೆ ಹೋಗುತ್ತದೆ. ಅಗಲ, ನೀರಿನ ಆಳ, ದೂರ ಮೂರನ್ನೂ ಗುಣಿಸಿದರೆ ಆ ಒಂದು ಟೈರ್ ಪ್ರತಿ ಸೆಕೆಂಡಿಗೆ ಸುಮಾರು 13 ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. ಒಂದಷ್ಟು ನೀರು ಮುಂದಕ್ಕೂ ಅಕ್ಕಪಕ್ಕಕ್ಕೂ ಚಿಮ್ಮುತ್ತದೆ. ಉಳಿದದ್ದು ತೋಡುಗಳೊಳಗೆ ಹರಿದು ಹೋಗಬೇಕು. ತೋಡು ಆಳವಿಲ್ಲದಿದ್ದರೆ ನೀರು ಟೈರಿನ ಅಡಿಯಲ್ಲೇ ಉಳಿಯುತ್ತದೆ, ಟೈರ್ ಅದರ ಮೇಲೆ ತೇಲುತ್ತದೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಹೀಗಾಗಿ ಮಳೆ ಬೀಳುವ ಜಾಗದಲ್ಲಿ 3 ಮಿ.ಮೀ.ಗೆ ಟೈರ್ ಬದಲಿಸುವುದು ಒಳ್ಳೆಯ ರೂಢಿ. ಹಿಮದ ರಸ್ತೆಯ ಚಳಿಗಾಲದ ಟೈರುಗಳಿಗೆ ಇದನ್ನು 4 ಎಂದು ಹೇಳುತ್ತಾರೆ.

ಈಗ ಬೆಲೆಯ ಲೆಕ್ಕ. ಹೊಸ ಟೈರಿನ ಬೆಲೆ 100 ಎಂದಿಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. ರಿಮ್ಮಿಗೆ ಏರಿಸಿ, ಹೊಸ ವಾಲ್ವ್ ಹಾಕಿ, ಬ್ಯಾಲೆನ್ಸ್ ಮಾಡಿಸಲು ಟೈರಿಗೆ 10. ಒಟ್ಟು 110. ಬಳಸಲು ಸಿಗುವುದು 8ರಿಂದ 3ರವರೆಗೆ, ಅಂದರೆ 5 ಮಿ.ಮೀ. ಒಂದು ಮಿಲಿಮೀಟರಿಗೆ 22 ಬಿತ್ತು.

ಪಕ್ಕದಲ್ಲಿ 40ಕ್ಕೆ ಸಿಗುವ ಹಳೇ ಟೈರ್ ಇದೆ, ಆಳ 5 ಮಿ.ಮೀ. "ಅರ್ಧಕ್ಕಿಂತ ಜಾಸ್ತಿ ಬಟನ್ ಇದೆ ಸಾರ್" ಎಂದು ಅಂಗಡಿಯವರು ಹೇಳುವುದು ಸುಳ್ಳೇನಲ್ಲ. ಆದರೆ ಏರಿಸುವ ಖರ್ಚು ಟೈರ್ ಹಳೆಯದು ಎಂದು ಕಡಿಮೆ ಆಗುವುದಿಲ್ಲ. ಒಟ್ಟು 50. ಬಳಸಲು ಸಿಗುವುದು 5ರಿಂದ 3ರವರೆಗೆ, ಎರಡೇ ಮಿಲಿಮೀಟರ್. ಒಂದಕ್ಕೆ 25. ಹೊಸದಕ್ಕಿಂತ ದುಬಾರಿ.

ಅದೇ 40ಕ್ಕೆ 6.5 ಮಿ.ಮೀ. ಇರುವ ಟೈರ್ ಸಿಕ್ಕರೆ? 3.5 ಮಿಲಿಮೀಟರಿಗೆ 50, ಅಂದರೆ ಒಂದಕ್ಕೆ 14ರ ಆಸುಪಾಸು. ಈಗ ನಿಜವಾದ ಉಳಿತಾಯ. ಹಳೇ ಟೈರಿನ ವ್ಯಾಪಾರ ಲಾಭದ್ದೋ ನಷ್ಟದ್ದೋ ಎನ್ನುವುದು ಈ ಒಂದೂವರೆ ಮಿಲಿಮೀಟರಿನಲ್ಲಿದೆ. ಕಣ್ಣಳತೆಗೆ ಅದು ಸಿಗುವುದಿಲ್ಲ. ಟ್ರೆಡ್ ಗೇಜ್ ಬೇಕು. ತೋಡಿನೊಳಗೆ ಸೂಜಿ ಇಳಿಸಿ ಓದುವ ಚಿಕ್ಕ ಸಾಧನ ಅದು, ಜೇಬಿನಲ್ಲಿ ಹಿಡಿಸುತ್ತದೆ. ನಾಣ್ಯ ತೂರಿಸಿ ನೋಡುವ ವಿಧಾನ ನಿಮ್ಮದೇ ಕಾರಿನ ಟೈರ್ ಮುಗಿಯಿತೇ ಎಂದು ತಿಳಿಯಲು ಸಾಕು, ಕೊಳ್ಳುವಾಗ ಸಾಲದು.

ಎರಡನೇ ಲೆಕ್ಕ: ವಯಸ್ಸು

ಟೈರ್ ಓಡದಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ ರಬ್ಬರಿನೊಳಗೆ ಸೇರಿ ಅದನ್ನು ಗಡುಸಾಗಿಸುತ್ತದೆ. ಓಝೋನ್ ಮೇಲ್ಮೈಯಲ್ಲಿ ಬಿರುಕು ಬಿಡಿಸುತ್ತದೆ. ಬಿಸಿ ಇವೆರಡನ್ನೂ ವೇಗವಾಗಿಸುತ್ತದೆ. ಇದನ್ನು ತಡೆಯಲು ರಬ್ಬರಿನಲ್ಲಿ ಮೇಣವನ್ನೂ ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರ್ ಉರುಳುತ್ತಾ ಬಾಗಿ ಬಳುಕುವಾಗ ಅವು ಮೇಲ್ಮೈಗೆ ಬರುತ್ತವೆ. ಸುಮ್ಮನೆ ನಿಂತ ಕಾರಿನ ಟೈರಿನಲ್ಲಿ ಹಾಗೆ ಬರುವುದು ಕಡಿಮೆ. ಹಾಗಾಗಿ ಓಡದೇ ನಿಂತ ಕಾರಿನ ಟೈರಿನಲ್ಲಿ ಬಟನ್ ತುಂಬಾ ಇದ್ದೂ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ತುಂಬ ಬಿರುಕು ಕಾಣಿಸುವುದು ಅಪರೂಪವಲ್ಲ. ಸೆಕೆಂಡ್ ಹ್ಯಾಂಡ್ ಸಾಲಿನಲ್ಲಿ ಆಳ ಚೆನ್ನಾಗಿದ್ದು ಬೆಲೆ ತೀರಾ ಕಡಿಮೆ ಇರುವ ಟೈರ್ ಕಂಡರೆ ಮೊದಲು ವಯಸ್ಸು ನೋಡಿ.

ವಯಸ್ಸು ಟೈರಿನ ಮೇಲೆಯೇ ಬರೆದಿದೆ. ಸೈಡ್‌ವಾಲ್‌ನಲ್ಲಿ ಡಿಒಟಿ ಎಂದು ಶುರುವಾಗುವ ಅಕ್ಷರ-ಅಂಕಿಗಳ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3521 ಎಂದಿದ್ದರೆ 2021ರ 35ನೇ ವಾರ, ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲು. ಕೊನೆಯಲ್ಲಿ ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಮುಂಚಿನದು, ಮುಟ್ಟಲೂ ಬೇಡಿ. ಪೂರ್ತಿ ಸಂಖ್ಯೆ ಎಷ್ಟೋ ಟೈರುಗಳಲ್ಲಿ ಒಂದೇ ಪಕ್ಕದಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಒಳಪಕ್ಕದ ಸೈಡ್‌ವಾಲ್ ನೋಡಿ. ಎರಡೂ ಕಡೆ ಇಲ್ಲ ಅಥವಾ ಉಜ್ಜಿ ತೆಗೆದ ಹಾಗಿದೆ ಎಂದಾದರೆ ಆ ಟೈರಿನ ಬಗ್ಗೆ ಇನ್ನೇನೂ ಕೇಳಬೇಕಿಲ್ಲ.

ಎಷ್ಟು ವರ್ಷ? ಹಲವು ಕಾರು ಕಂಪನಿಗಳು 6 ವರ್ಷಕ್ಕೆ ಬದಲಿಸಿ ಎನ್ನುತ್ತವೆ. ಟೈರ್ ಕಂಪನಿಗಳು ಸಾಮಾನ್ಯವಾಗಿ ತಯಾರಾದ ದಿನದಿಂದ 10 ವರ್ಷ ಕೊನೆಯ ಮಿತಿ ಎಂದು, 5 ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂದು ಹೇಳುತ್ತವೆ. ನೆರಳಿನಲ್ಲಿ, ತಂಪಿನಲ್ಲಿ, ಸರಿಯಾದ ಗಾಳಿಯಲ್ಲಿ ಬಾಳಿದ ಟೈರಿಗೆ 10 ಇರಬಹುದು. ಹಿಂದಿನ ಮಾಲೀಕ ಹೇಗಿಟ್ಟಿದ್ದ ಎಂದು ಗೊತ್ತಿಲ್ಲದ ಟೈರಿಗೆ 6 ಎಂದು ಹಿಡಿಯುವುದೇ ಸರಿ.

ಈಗ ಎರಡೂ ಲೆಕ್ಕ ಕೂಡಿಸಿ. ಟ್ರೆಡ್ 8,000 ಕಿ.ಮೀ.ಗೆ ಒಂದು ಮಿಲಿಮೀಟರ್ ಸವೆಯುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 8,000 ಕಿ.ಮೀ. ಓಡಿಸುವವರು 6.5 ಮಿ.ಮೀ. ಆಳದ, ನಾಲ್ಕು ವರ್ಷ ಹಳೆಯ ಟೈರ್ ಕೊಂಡರು. ಎರಡು ವರ್ಷಕ್ಕೆ ವಯಸ್ಸು ಮುಗಿಯುತ್ತದೆ. ಅಷ್ಟರಲ್ಲಿ ಸವೆದದ್ದು ಎರಡೇ ಮಿಲಿಮೀಟರ್. ಹಾಕಿದ 50ನ್ನು ಎರಡರಿಂದ ಭಾಗಿಸಿ, ಮತ್ತೆ 25ಕ್ಕೆ ಬಂದೆವು. ವರ್ಷಕ್ಕೆ 24,000 ಓಡಿಸುವವರಿಗೆ ಅದೇ ಟೈರಿನ 3.5 ಮಿಲಿಮೀಟರ್ ಹದಿನಾಲ್ಕು ತಿಂಗಳಲ್ಲಿ ಸವೆಯುತ್ತದೆ, ವಯಸ್ಸು ಅಡ್ಡ ಬರುವುದಿಲ್ಲ, 14ರ ಲೆಕ್ಕ ಹಾಗೇ ಉಳಿಯುತ್ತದೆ.

ಗಮನಿಸಿ, "ನಾನು ಕಡಿಮೆ ಓಡಿಸುತ್ತೇನೆ, ನನಗೆ ಹಳೇ ಟೈರ್ ಸಾಕು" ಎನ್ನುವವರಿಗೇ ಹಳೇ ಟೈರ್ ಹೆಚ್ಚು ನಷ್ಟ. ಜಾಸ್ತಿ ಓಡಿಸುವವರಿಗೆ ಲೆಕ್ಕದಲ್ಲಿ ಲಾಭವಿದೆ. ಆದರೆ ಅವರೇ ದಿನವೂ ಹೆದ್ದಾರಿಯಲ್ಲಿ, ಬಿಸಿಯಲ್ಲಿ, ಲೋಡಿನಲ್ಲಿ ಓಡುವವರು. ಹಳೇ ಟೈರಿನ ಒಳಗೆ ದೋಷವಿದ್ದರೆ ಅದು ಹೊರಬರುವುದೂ ಅಂಥ ಓಟದಲ್ಲೇ.

ಹಳೇ ಟೈರ್ ಎಲ್ಲಿಂದ ಬಂತು?

ಹೊಸ ಕಾರು ಕೊಂಡ ಕೂಡಲೇ ದೊಡ್ಡ ಅಲಾಯ್ ವೀಲ್ ಹಾಕಿಸಿದವರು ಬಿಟ್ಟುಹೋದ ಟೈರ್ ಎಲ್ಲಕ್ಕಿಂತ ಒಳ್ಳೆಯದು. ನಾಲ್ಕೂ ಒಂದೇ ಜಾತಿ, ಒಂದೇ ವಯಸ್ಸು, ಅಂಚಿನಲ್ಲಿ ಅಚ್ಚಿನ ರಬ್ಬರ್ ಎಳೆಗಳು ಇನ್ನೂ ಇರುತ್ತವೆ. ಅಪಘಾತವಾದ ಕಾರಿನಿಂದ ತೆಗೆದದ್ದಾದರೆ ಟ್ರೆಡ್ ಚೆನ್ನಾಗಿರಬಹುದು, ಆದರೆ ಆ ಪೆಟ್ಟು ಈ ಚಕ್ರಕ್ಕೂ ಬಿದ್ದಿತ್ತೇ ಎಂದು ತಿಳಿಯುವ ದಾರಿಯಿಲ್ಲ. ಮೂರನೆಯದು ಸಾಮಾನ್ಯವಾದದ್ದು, ಕೆಟ್ಟದ್ದೂ ಹೌದು. ಯಾರೋ ಏನೋ ದೂರಿಗಾಗಿ ಬಿಚ್ಚಿಸಿದ ಟೈರ್ ಅದು. ಗಾಳಿ ಇಳಿಯುತ್ತಿತ್ತು, ಸ್ಟೀರಿಂಗ್ ನಡುಗುತ್ತಿತ್ತು, ಕಾರು ಒಂದು ಕಡೆ ಎಳೆಯುತ್ತಿತ್ತು. ಅರ್ಧ ಟ್ರೆಡ್ ಇರುವ ಟೈರನ್ನು ಸುಮ್ಮನೆ ಯಾರೂ ಬಿಚ್ಚಿಸುವುದಿಲ್ಲ.

ಕೈಗೆತ್ತಿಕೊಂಡು ನೋಡುವ ಕ್ರಮ

ರಿಮ್ಮಿಗೆ ಏರಿಸಿ ಗಾಳಿ ತುಂಬಿಟ್ಟ ಹಳೇ ಟೈರನ್ನು ಕೊಳ್ಳಬೇಡಿ. ಬಿಚ್ಚಿ ಒಳಗೆ ತೋರಿಸಲು ಒಪ್ಪಿದರೆ ಮಾತ್ರ ಮುಂದಿನ ಮಾತು. ಟೈರಿನ ಚರಿತ್ರೆ ಒಳಮೈಯಲ್ಲಿರುತ್ತದೆ.

ಮೊದಲು ಹೊರಗಿನ ಅಂಕಿಗಳು. 195/65 ಆರ್ 15 91 ಎಚ್ ಎಂದಿದೆ ಎನ್ನಿ. ಅಗಲ 195 ಮಿ.ಮೀ., ಸೈಡ್‌ವಾಲ್ ಎತ್ತರ ಆ ಅಗಲದ ಶೇ. 65, ಆರ್ ಎಂದರೆ ರೇಡಿಯಲ್, ರಿಮ್ 15 ಇಂಚು. 91 ಎನ್ನುವುದು ಭಾರದ ಸೂಚ್ಯಂಕ, ಟೈರೊಂದಕ್ಕೆ 615 ಕೆ.ಜಿ. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಟಿ ಆದರೆ 190, ವಿ ಆದರೆ 240. ಸೈಜ್ ಹೊಂದಿತು ಎಂದು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಅದೇ ಸೈಜಿನಲ್ಲಿ 88 ಎಂದಿರುವ ಟೈರ್ ಹೊರುವುದು 560 ಕೆ.ಜಿ. ಮಾತ್ರ. ಕಾರಿಗೆ 91 ಬೇಕಿದ್ದರೆ ಪ್ರತಿ ಚಕ್ರಕ್ಕೆ 55 ಕೆ.ಜಿ. ಕಡಿಮೆ ಬಿತ್ತು. ಬೇಕಾದ ಸೂಚ್ಯಂಕ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು.

ನಂತರ ಆಳ. ಅಗಲದಲ್ಲಿ ಮೂರು ಕಡೆ, ಸುತ್ತಲೂ ನಾಲ್ಕು ಕಡೆ, ಒಟ್ಟು ಹನ್ನೆರಡು ಅಳತೆ ತೆಗೆದುಕೊಳ್ಳಿ. ಸೂಜಿ ದಿಬ್ಬದ ಮೇಲೆ ಕೂರದಂತೆ ನೋಡಿಕೊಳ್ಳಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ಎಲ್ಲಕ್ಕಿಂತ ಕಡಿಮೆ ಬಂದ ಅಂಕಿ, ಸರಾಸರಿ ಅಲ್ಲ. ಅಳತೆಗಳ ನಡುವಿನ ವ್ಯತ್ಯಾಸ ಹಿಂದಿನ ಕಾರಿನ ಚರಿತ್ರೆ ಹೇಳುತ್ತದೆ. ನಡುಭಾಗ ಹೆಚ್ಚು ಸವೆದಿದ್ದರೆ ಗಾಳಿ ಜಾಸ್ತಿ ಇಟ್ಟು ಓಡಿಸಿದ್ದಾರೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು, ಒಳಗೆ ಹಾನಿಯಾಗಿರುವ ಸಾಧ್ಯತೆ ಇಲ್ಲೇ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿತ್ತು. ಅಂಗೈಯನ್ನು ಟ್ರೆಡ್ ಮೇಲೆ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಸವರಿ ನೋಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಅದೂ ಅಲೈನ್‌ಮೆಂಟಿನದೇ ಕೆಲಸ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾಗಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿತ್ತು. ಇಂಥ ಟೈರ್ ನಿಮ್ಮ ಕಾರಿಗೆ ಬಂದ ಮೇಲೂ ಗೊಂಯ್ ಎಂದು ಸದ್ದು ಮಾಡುತ್ತಲೇ ಇರುತ್ತದೆ. ಬ್ಯಾಲೆನ್ಸಿಂಗ್‌ನಿಂದ ಅದು ಹೋಗುವುದಿಲ್ಲ.

ತೋಡುಗಳ ತಳವನ್ನು ಬೆಳಕು ಹಾಯಿಸಿ ನೋಡಿ. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸದಾಗಿ ತೋಡು ಕೊರೆದು ಮಾರುವ ಮೋಸ ಇದೆ. ಗುರುತು ಹಿಡಿಯುವುದು ಸುಲಭ. ತಳದ ದಿಬ್ಬಗಳು ಕತ್ತರಿಸಿ ಹೋಗಿರುತ್ತವೆ, ಅಂಚು ಚೂಪಾಗಿ ಬ್ಲೇಡಿನ ಗೆರೆ ಕಾಣುತ್ತದೆ, ಆಳ ಒಂದೊಂದು ಕಡೆ ಒಂದೊಂದು ಬರುತ್ತದೆ. ಮತ್ತೆ ಕೊರೆಯಲೆಂದೇ ದಪ್ಪ ರಬ್ಬರ್ ಇಟ್ಟು ತಯಾರಿಸಿದ, ಹಾಗೆಂದು ಮೇಲೆ ಗುರುತಿರುವ ಲಾರಿ ಟೈರುಗಳಿವೆ. ಕಾರಿನ ಟೈರಿನಲ್ಲಿ ತೋಡಿನ ತಳಕ್ಕೂ ಉಕ್ಕಿನ ಬೆಲ್ಟಿಗೂ (ಟ್ರೆಡ್ ಅಡಿಯ ಉಕ್ಕಿನ ತಂತಿಯ ಪದರ) ನಡುವೆ ಇರುವುದು ತೆಳ್ಳನೆಯ ರಬ್ಬರ್ ಪದರ. ಕೊರೆದರೆ ಉಳಿಯುವುದು ಏನೂ ಇಲ್ಲ.

ಆಮೇಲೆ ಸೈಡ್‌ವಾಲ್. ಒದ್ದೆ ಬಟ್ಟೆಯಿಂದ ಪಾಲಿಶ್ ಒರೆಸಿ, ಸೈಡ್‌ವಾಲನ್ನು ಕೈಯಿಂದ ಬಗ್ಗಿಸಿ ನೋಡಿ. ನೆಟ್ಟಗಿದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಟ್ರೆಡ್ ಮತ್ತು ಸೈಡ್‌ವಾಲ್ ಸೇರುವ ಭುಜವನ್ನೂ ತೋಡುಗಳ ತಳವನ್ನೂ ವಿಶೇಷವಾಗಿ ನೋಡಿ. ಉಬ್ಬು ಕಂಡರೆ ಅಲ್ಲಿಗೆ ಮುಗಿಯಿತು. ಗುಂಡಿಗೆ ಬಿದ್ದ ಹೊಡೆತಕ್ಕೆ ಒಳಗಿನ ದಾರಗಳು ಹರಿದು, ಗಾಳಿ ರಬ್ಬರನ್ನು ಹೊರಗೆ ತಳ್ಳುತ್ತಿದೆ ಎಂದರ್ಥ. ಇದಕ್ಕೆ ರಿಪೇರಿ ಇಲ್ಲ. ಉಬ್ಬು ಗಾಳಿ ತುಂಬಿದಾಗಲೇ ಸ್ಪಷ್ಟವಾಗಿ ಕಾಣುವುದರಿಂದ ಏರಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಆದರೆ ಸೈಡ್‌ವಾಲ್‌ನಲ್ಲಿ ಮೇಲಿಂದ ಕೆಳಕ್ಕೆ ಗೆರೆಯಂತೆ ತುಸು ಒಳಕ್ಕೆ ತಗ್ಗಿದ್ದರೆ ಹೆದರಬೇಕಿಲ್ಲ. ದಾರದ ಪದರದ ಎರಡು ತುದಿ ಒಂದರ ಮೇಲೊಂದು ಕೂಡಿದ ಜಾಗ ಅದು, ಹೊಸ ಟೈರಿನಲ್ಲೂ ಇರುತ್ತದೆ. ಒಳಕ್ಕೆ ತಗ್ಗಿದ್ದರೆ ಸರಿ, ಹೊರಕ್ಕೆ ಉಬ್ಬಿದ್ದರೆ ತಪ್ಪು.

ಈಗ ಒಳಮೈ. ಟಾರ್ಚ್ ಮತ್ತು ಕೈಗವಸು ಬೇಕು, ಎಲ್ಲಾದರೂ ತಂತಿ ಚಾಚಿಕೊಂಡಿರಬಹುದು. ಒಳಗೆ ಕಪ್ಪು ಪುಡಿ ಉದುರಿದೆಯೇ? ಸೈಡ್‌ವಾಲ್‌ನ ಒಳಭಾಗದಲ್ಲಿ ಸುತ್ತಲೂ ಉಜ್ಜಿದಂಥ ಪಟ್ಟಿಯೋ ಸುಕ್ಕಿನ ಗೆರೆಯೋ ಇದೆಯೇ? ಗಾಳಿ ಇಲ್ಲದೇ, ಅಥವಾ ತೀರಾ ಕಡಿಮೆ ಗಾಳಿಯಲ್ಲಿ ಓಡಿದ ಟೈರ್ ಅದು. ಹಾಗೆ ಓಡುವಾಗ ಸೈಡ್‌ವಾಲ್ ಮಡಚಿ ಮಡಚಿ ಬಿಸಿಯೇರಿ, ಒಳರಬ್ಬರ್ ಉಜ್ಜಿ ಪುಡಿಯಾಗಿ, ದಾರಗಳು ಸೋತಿರುತ್ತವೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಹೆದ್ದಾರಿಯಲ್ಲಿ ಸೈಡ್‌ವಾಲ್ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲಾಟ್ ಟೈರುಗಳಲ್ಲಿ ಸೈಡ್‌ವಾಲ್ ದಪ್ಪವಿರುವುದರಿಂದ ಈ ಹಾನಿ ಇನ್ನೂ ಕಷ್ಟದಿಂದ ಕಾಣುತ್ತದೆ. ಅವನ್ನು ಹಳೆಯದಾಗಿ ಕೊಳ್ಳುವುದೇ ಬೇಡ.

ಪಂಕ್ಚರ್ ಹಾಕಿದ ಜಾಗಗಳೂ ಒಳಗೆ ಕಾಣುತ್ತವೆ. ಟ್ರೆಡ್‌ನ ನಡುಭಾಗದಲ್ಲಿ, 6 ಮಿ.ಮೀ.ಗಿಂತ ಚಿಕ್ಕ ತೂತಿಗೆ, ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಕೂರಿಸಿದ್ದರೆ ಅದು ಸರಿಯಾದ ರಿಪೇರಿ. ಕಾಂಡ ತೂತನ್ನು ತುಂಬುತ್ತದೆ, ತಲೆ ಒಳಪದರವನ್ನು ಮುಚ್ಚುತ್ತದೆ. ಹೊರಗಿನಿಂದ ತುರುಕಿದ ಸ್ಟ್ರಿಪ್ ಮನೆ ಮುಟ್ಟಿಸುವ ತಾತ್ಕಾಲಿಕ ಉಪಾಯ. ಅದು ಗಾಳಿಯನ್ನು ತಡೆದರೂ ತೂತಿನ ಗೋಡೆಗಳಿಂದ ತೇವ ಒಳಗೆ ಇಳಿದು ಉಕ್ಕಿನ ಬೆಲ್ಟಿಗೆ ತುಕ್ಕು ಹಿಡಿಸಬಲ್ಲದು. ತುಕ್ಕು ಹಿಡಿದ ತಂತಿಯಿಂದ ರಬ್ಬರ್ ಕಳಚುತ್ತದೆ. ಭುಜದಲ್ಲಿ, ಸೈಡ್‌ವಾಲ್‌ನಲ್ಲಿ ಪ್ಯಾಚ್ ಇದ್ದರೆ, ಎರಡು ಪ್ಯಾಚ್ ಒಂದನ್ನೊಂದು ಮುಟ್ಟುತ್ತಿದ್ದರೆ, ಬಿಟ್ಟುಬಿಡಿ.

ಕೊನೆಗೆ ಬೀಡ್, ಅಂದರೆ ರಿಮ್ಮಿಗೆ ಕೂರುವ ಅಂಚು. ಅದರೊಳಗೆ ಉಕ್ಕಿನ ತಂತಿಯ ಬಳೆ ಇದೆ. ಆತುರದಲ್ಲಿ ಕಬ್ಬಿಣ ಹಾಕಿ ಎಬ್ಬಿಸಿ ಬಿಚ್ಚಿದಾಗ ಈ ಅಂಚು ಹರಿಯುತ್ತದೆ. ರಬ್ಬರ್ ಕಿತ್ತು ತಂತಿ ಅಥವಾ ದಾರ ಕಾಣುತ್ತಿದ್ದರೆ ಅದು ರಿಮ್ಮಿನಲ್ಲಿ ಬಿಗಿಯಾಗಿ ಕೂರುವುದಿಲ್ಲ, ವಾರಕ್ಕೊಮ್ಮೆ ಗಾಳಿ ಇಳಿಯುತ್ತಿರುತ್ತದೆ, ಕಾರಣ ಹುಡುಕಿ ನೀವು ಸುಸ್ತಾಗುತ್ತೀರಿ.

ಇಷ್ಟೆಲ್ಲ ದಾಟಿದ ಮೇಲೂ ಒಂದು ಉಳಿಯುತ್ತದೆ: ಕಂಪನಿ ಆ ಟೈರನ್ನು ಹಿಂದಕ್ಕೆ ಕರೆಸಿಕೊಂಡಿತ್ತೇ ಎಂಬುದು. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಿತು. ಓಟದಲ್ಲಿ ಟ್ರೆಡ್ ಪದರವೇ ಕಳಚಿಹೋಗುತ್ತಿತ್ತು. ಅಂಥವು ಬಹಳಷ್ಟು ಇದ್ದದ್ದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ, ಬಿಸಿ ಪ್ರದೇಶಗಳಲ್ಲಿ ಹೆಚ್ಚು ಕಂಡವು. ಹೊಸದಾಗಿ ಕೊಂಡು ಹೆಸರು ನೋಂದಾಯಿಸಿದವರಿಗೆ ಇಂಥ ಸುದ್ದಿ ತಲುಪುತ್ತದೆ. ಮೂರನೇ ಕೈಗೆ ಬಂದ ಟೈರಿಗೆ ತಲುಪುವುದಿಲ್ಲ. ಡಿಒಟಿ ಸಂಖ್ಯೆಯನ್ನು ಪೂರ್ತಿ ಬರೆದುಕೊಂಡು ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಹುಡುಕಬೇಕು.

ಹಳೇ ಟೈರಿನ ವ್ಯಾಪಾರವನ್ನು ಕಾನೂನಿಗೆ ತಂದ ದೇಶಗಳೂ ಇವೆ. ಬ್ರಿಟನ್ನಿನ 1994ರ ನಿಯಮದಂತೆ ಅಲ್ಲಿ ಮಾರುವ ಹಳೇ ಟೈರಿಗೆ ಪೂರ್ತಿ ಅಗಲದಲ್ಲಿ ಕನಿಷ್ಠ 2 ಮಿ.ಮೀ. ಆಳ ಇರಬೇಕು, ಒಳಗೂ ಹೊರಗೂ ಉಬ್ಬು ಇರಬಾರದು, ಬಳಸಿದ್ದು ಎಂಬ ಅಳಿಸಲಾಗದ ಗುರುತು ಮೇಲಿರಬೇಕು. ನಿಯಮ ಇದೆ ಎಂದ ಮಾತ್ರಕ್ಕೆ ನೋಡುವ ಕೆಲಸ ನಿಮಗೆ ತಪ್ಪಿತು ಎಂದೇನಲ್ಲ.

ಹಾಗಾದರೆ ಹಳೆಯದು ಯಾರಿಗೆ?

ಇನ್ನು ಕೆಲವೇ ತಿಂಗಳಲ್ಲಿ ಮಾರುವ ಅಥವಾ ಗುಜರಿಗೆ ಹಾಕುವ ಕಾರಿಗೆ. ಸ್ಟೆಪ್ನಿಗೆ. ಮೂರು ಟೈರ್ ಅರ್ಧ ಸವೆದು ನಾಲ್ಕನೆಯದು ಮಾತ್ರ ಹರಿದುಹೋದಾಗ, ಅದೇ ಕಂಪನಿಯ ಅದೇ ಮಾದರಿ ಅಷ್ಟೇ ಆಳದಲ್ಲಿ ಸಿಕ್ಕರೆ, ಹೊಸದಕ್ಕಿಂತಲೂ ಅದೇ ವಾಸಿ. ಮೇಲೆ ಹೇಳಿದ ಅಲಾಯ್ ವೀಲ್‌ನವರು ಬಿಟ್ಟುಹೋದ ಸೆಟ್ ಸಿಕ್ಕಿದವರು ಯೋಚಿಸಬೇಕಿಲ್ಲ. ಇದರಾಚೆಗೆ, ದಿನಬಳಕೆಯ ಕಾರಿಗೆ, ಮನೆಮಂದಿಯೆಲ್ಲ ಕೂತು ದೂರ ಹೋಗುವ ಕಾರಿಗೆ ನನ್ನ ಮತ ಹೊಸದರ ಕಡೆಗೇ.

ಕೊಂಡರೆ ಜೋಡಿಯಾಗಿ ಕೊಳ್ಳಿ. ಒಂದೇ ಆಕ್ಸಲ್‌ನ ಎರಡೂ ಬದಿಗೆ ಒಂದೇ ಮಾದರಿ, ಆಳದಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಇಂಥ ಜೋಡಿ ಹುಡುಕಲು ಹೊರಟಾಗ ಹಳೇ ಟೈರಿನ ಅಂಗಡಿ ಎಷ್ಟು ಚಿಕ್ಕದು ಎಂದು ತಿಳಿಯುತ್ತದೆ.

ಹೊಸದು ಕೊಳ್ಳುವಾಗಲೂ

ಹೊಸದು ಎಂದರೆ ಬಳಸಿಲ್ಲ ಎಂದಷ್ಟೇ ಅರ್ಥ. ಅದರ ಮೇಲೂ ವಾರ-ವರ್ಷ ನೋಡಿ. ತಂಪಾದ, ಬಿಸಿಲು ಬೀಳದ ಗೋದಾಮಿನಲ್ಲಿ ಒಂದೆರಡು ವರ್ಷ ಇದ್ದದ್ದು ಕೆಟ್ಟಿರುವುದಿಲ್ಲ. ನಾಲ್ಕೈದು ವರ್ಷದ "ಹೊಸ" ಟೈರನ್ನು ರಿಯಾಯಿತಿಗೆ ಕೊಡುತ್ತೇನೆಂದರೂ ಬೇಡ. ರಬ್ಬರ್ ವಾಲ್ವನ್ನು ಪ್ರತಿ ಸಲವೂ ಬದಲಿಸಿ. ಏರಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಮತ್ತೊಮ್ಮೆ ಬಿಗಿ ಮಾಡಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಪದಾರ್ಥ ಹೊಸ ಟ್ರೆಡ್ ಮೇಲೆ ಉಳಿದಿರುತ್ತದೆ, ಹಾಗಾಗಿ ಮೊದಲ ಕೆಲವು ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕುವ, ತಿರುವಿನಲ್ಲಿ ನುಗ್ಗುವ ಕೆಲಸ ಬೇಡ.

ಎರಡೇ ಟೈರ್ ಹೊಸದಾದರೆ ಅವು ಹಿಂದಕ್ಕೆ. ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರಿನಲ್ಲೂ ಹಿಂದಕ್ಕೇ. ಇದನ್ನು ಅಂಗಡಿಯಲ್ಲೇ ಒಪ್ಪದವರಿದ್ದಾರೆ. ಮುಂದಿನ ಟೈರ್ ಒದ್ದೆಯಲ್ಲಿ ಜಾರಿದರೆ ಸ್ಟೀರಿಂಗಿನಲ್ಲಿ ಕೈಗೆ ತಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಾಗಿ ಹಿಡಿತ ವಾಪಸು ಬರುತ್ತದೆ. ಹಿಂದಿನದು ಜಾರಿದರೆ ಕಾರು ಬಾಲ ಬೀಸಿ ತಿರುಗುತ್ತದೆ. ಅದನ್ನು ತಿದ್ದಿಕೊಳ್ಳಲು ಸಾಮಾನ್ಯ ಚಾಲಕರಿಗೆ ಸಮಯವೇ ಇರುವುದಿಲ್ಲ.

ಸಭೆಯಿಂದ ಬಂದ ಪ್ರಶ್ನೆಗಳು

*ನನ್ನದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಒಂದೇ ಟೈರ್ ಹಾಳಾಗಿದೆ. ಒಂದು ಹೊಸದು ಹಾಕಿದರೆ ಸಾಲದೇ?*

ಸಾಲದು ಎಂದೇ ಹೇಳಬೇಕು. ಮೇಲೆ ಹೇಳಿದ 195/65 ಆರ್ 15 ಟೈರಿನ ಸುತ್ತಳತೆ ಹೊಸದಿದ್ದಾಗ ಸುಮಾರು 1,993 ಮಿ.ಮೀ. ಮೂರು ಮಿಲಿಮೀಟರ್ ಸವೆದರೆ ಸುತ್ತಳತೆ 19 ಮಿ.ಮೀ.ಯಷ್ಟು ಇಳಿಯುತ್ತದೆ. ಸವೆದ ಟೈರ್ ಪ್ರತಿ ಕಿಲೋಮೀಟರಿಗೆ ಐದು ಸುತ್ತು ಹೆಚ್ಚು ತಿರುಗಬೇಕು. ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವೆ ಕೂತ ಡಿಫರೆನ್ಷಿಯಲ್ಲೋ ಕ್ಲಚ್ಚೋ ಈ ವ್ಯತ್ಯಾಸವನ್ನು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ನುಂಗುತ್ತಾ ಬಿಸಿಯೇರುತ್ತದೆ. ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ನಿಮ್ಮ ಗಾಡಿಯ ಕೈಪಿಡಿಯಲ್ಲಿದೆ. ಅಷ್ಟೇ ಸವೆದ ಅದೇ ಮಾದರಿಯ ಹಳೇ ಟೈರ್ ಹುಡುಕಿ. ಸಿಗದಿದ್ದರೆ ನಾಲ್ಕೂ ಬದಲಿಸಿ. ಹೊಸ ಟೈರಿನ ಟ್ರೆಡ್ಡನ್ನು ಯಂತ್ರದಲ್ಲಿ ಹೆರೆದು ಉಳಿದ ಮೂರಕ್ಕೆ ಸಮ ಮಾಡಿಕೊಡುವವರೂ ಕೆಲವು ಕಡೆ ಇದ್ದಾರೆ.

*ದೊಡ್ಡ ಕಂಪನಿಯ ಹಳೇ ಟೈರೋ, ಹೆಸರಿಲ್ಲದ ಕಂಪನಿಯ ಅಗ್ಗದ ಹೊಸ ಟೈರೋ?*

ಒಳ್ಳೆಯ ಪ್ರಶ್ನೆ. ಇಲ್ಲಿ ಸುಲಭದ ಉತ್ತರವಿಲ್ಲ. 7 ಮಿ.ಮೀ. ಆಳದ, ಎರಡು ವರ್ಷ ಒಳಗಿನ, ಒಳಮೈ ನೋಡಿದ ದೊಡ್ಡ ಕಂಪನಿಯ ಟೈರ್ ಆದರೆ ಒದ್ದೆ ರಸ್ತೆಯಲ್ಲಿ ಅದೇ ಮೇಲಾಗಬಹುದು. ಅದಕ್ಕಿಂತ ಹಳೆಯದು, ಸವೆದದ್ದು ಎಂದಾದರೆ ಅಗ್ಗದ ಹೊಸದೇ ಇರಲಿ. ಆದರೆ ಅಗ್ಗದ ಹೊಸದರಲ್ಲೂ ಲೇಬಲ್ ನೋಡಿ ಆರಿಸಿ. ಯುರೋಪಿನ ಲೇಬಲ್ ಇದ್ದರೆ ಒದ್ದೆ ಹಿಡಿತಕ್ಕೆ ಎ ಯಿಂದ ಇ ವರೆಗೆ ದರ್ಜೆ ಇರುತ್ತದೆ. ಅಮೆರಿಕದ ಪದ್ಧತಿಯ ಗುರುತಿದ್ದರೆ ಟ್ರ್ಯಾಕ್ಷನ್ (ಹಿಡಿತ) ದರ್ಜೆ ಎಎ, ಎ, ಬಿ, ಸಿ ಎಂದು ಸೈಡ್‌ವಾಲ್‌ನಲ್ಲೇ ಇರುತ್ತದೆ. ಅದರ ಪಕ್ಕದ ಟ್ರೆಡ್‌ವೇರ್ (ಬಾಳಿಕೆ) ಅಂಕಿ ದೊಡ್ಡದಿದೆ ಎಂದು ಮಾತ್ರ ಕೊಳ್ಳಬೇಡಿ. ಬಹಳ ಬಾಳುವ ಗಡುಸು ರಬ್ಬರ್ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ ಎಂದೇನಿಲ್ಲ.

*ಡಿಕ್ಕಿಯಲ್ಲಿ ಸ್ಟೆಪ್ನಿ ಒಂದೇ ಒಂದು ಸಲವೂ ನೆಲ ಮುಟ್ಟಿಲ್ಲ. ಅದನ್ನೇ ಹಾಕಿಕೊಂಡು ಓಡಿಸಬಹುದಲ್ಲ?*

ವಾರ-ವರ್ಷ ನೋಡಿ ಹೇಳಬೇಕು. ಡಿಕ್ಕಿಯ ಬಿಸಿಯಲ್ಲಿ ಕೂತ ಟೈರಿಗೂ ವಯಸ್ಸಾಗುತ್ತದೆ. ಆರು ವರ್ಷ ದಾಟಿದ್ದರೆ ಬಟನ್ ಪೂರ್ತಿ ಇದ್ದರೂ ಅದು ಪಂಕ್ಚರ್ ಅಂಗಡಿಯವರೆಗೆ ಮಾತ್ರ. ಇನ್ನೂ ಚಿಕ್ಕ ವಯಸ್ಸಿನದು, ಸೈಜ್ ಉಳಿದವಕ್ಕೆ ಸಮ, ಆಳವೂ ಜೋಡಿಗೆ ಹತ್ತಿರ ಎಂದಾದರೆ ಧಾರಾಳವಾಗಿ ಹಾಕಿ. ಉಳಿದವಕ್ಕಿಂತ ತೆಳ್ಳಗಿರುವ, ಸೈಡ್‌ವಾಲ್ ಮೇಲೆ ಸೈಜಿನ ಅಂಕಿಗಳಿಗಿಂತ ಮೊದಲೇ ಟಿ ಅಕ್ಷರವಿರುವ ತಾತ್ಕಾಲಿಕ ಸ್ಟೆಪ್ನಿ ಬೇರೆ ಜಾತಿ. ಅದರ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ., ಗಾಳಿ 60 ಪಿಎಸ್‌ಐ. ಉಳಿದ ನಾಲ್ಕಕ್ಕೆ 32-33 ಹೊಡೆಸುವಾಗ ಅದಕ್ಕೂ ಅಷ್ಟೇ ಸಾಕು ಎಂದು ಬಿಟ್ಟುಬಿಡುತ್ತಾರೆ. ಬೇಕಾದಾಗ ತೆಗೆದು ಹಾಕಿದರೆ ಅರ್ಧ ಗಾಳಿಯಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಮುಂದಿನ ಸಲ ಗಾಳಿ ಹೊಡೆಸುವಾಗ ಅದನ್ನು ಹೊರತೆಗೆದು 60ಕ್ಕೆ ತುಂಬಿಸಿ, ಅದರ ತಾರೀಖನ್ನೂ ಒಮ್ಮೆ ಓದಿ.